ಕಿಟಕಿಯ ಕೆಳಗೇ ಹೀಟರ್ ಏಕೆ?

(ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ, ಚಳಿಗಾಲದ ಆರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಸಭಿಕರೇ,

ಈ ದೇಶಕ್ಕೆ ಬಂದು ಮನೆ ಮಾಡಿದ ನಮ್ಮವರು ಮೊದಲ ಚಳಿಗಾಲದಲ್ಲಿಯೇ ಕೇಳುವ ಪ್ರಶ್ನೆ ಒಂದಿದೆ. ಮನೆಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ ಕಿಟಕಿ, ಶಾಖ ಸೋರಿಹೋಗುವುದೂ ಅಲ್ಲಿಂದಲೇ. ಹೀಗಿರುವಾಗ ರೇಡಿಯೇಟರನ್ನು, ಅಂದರೆ ಬಿಸಿನೀರು ಹರಿದು ಕೋಣೆ ಕಾಯಿಸುವ ಹೀಟರನ್ನು, ತಂದು ಅದೇ ಕಿಟಕಿಯ ಕೆಳಗೆ ಕೂರಿಸಿದ ಪುಣ್ಯಾತ್ಮ ಯಾರು? ಒಳಗೋಡೆಗೆ ಹಾಕಿದ್ದರೆ ಕಾಸು ಕೊಟ್ಟು ಕೊಂಡ ಶಾಖ ಮನೆಯೊಳಗೇ ಉಳಿಯುತ್ತಿರಲಿಲ್ಲವೇ? ಪ್ರಶ್ನೆಯಲ್ಲಿ ತರ್ಕವಿದೆ, ಆದರೆ ಅದು ಅರ್ಧ ಲೆಕ್ಕ ಮಾತ್ರ. ಉಳಿದರ್ಧ ಲೆಕ್ಕವನ್ನು ಪೂರ್ತಿ ಮಾಡುವುದೇ ಇಂದಿನ ನನ್ನ ಉಪನ್ಯಾಸದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಹೀಟರನ್ನು ಎಲ್ಲಿಟ್ಟರೂ ಅದು ಕೊಡುವ ಶಾಖದ ಪ್ರಮಾಣ ಹೆಚ್ಚಾಗುವುದಿಲ್ಲ. ಸಾಮಾನ್ಯ ವಿದ್ಯುತ್ ಹೀಟರ್ ಒಂದು ಯೂನಿಟ್ ವಿದ್ಯುತ್ತನ್ನು ತಿಂದು ಒಂದು ಯೂನಿಟ್ ಶಾಖವನ್ನೇ ಕೊಡುತ್ತದೆ. ಅದು ಎಣ್ಣೆ ತುಂಬಿದ್ದಿರಲಿ, ಫ್ಯಾನ್ ಇರುವುದಿರಲಿ, ದುಬಾರಿಯದಿರಲಿ, ಅಗ್ಗದ್ದಿರಲಿ, ಈ ಲೆಕ್ಕ ಬದಲಾಗುವುದಿಲ್ಲ. ಜಾಗದಿಂದ ಬದಲಾಗುವುದು ಎರಡೇ ಸಂಗತಿ: ಆ ಶಾಖದಲ್ಲಿ ಎಷ್ಟು ಪಾಲು ಗೋಡೆಯ ಮೂಲಕ ನೇರವಾಗಿ ಹೊರಗೆ ಹೋಗುತ್ತದೆ ಎಂಬುದು, ಮತ್ತು ಉಳಿದ ಶಾಖದಿಂದ ನಿಮಗೆ ಎಷ್ಟು ಬೆಚ್ಚಗೆನಿಸುತ್ತದೆ ಎಂಬುದು. ನಮ್ಮವರು ಮೊದಲನೆಯದನ್ನು ಮಾತ್ರ ನೋಡುತ್ತಾರೆ. ಆದರೆ ಬಿಲ್ಲನ್ನು ಹೆಚ್ಚಾಗಿ ತೀರ್ಮಾನಿಸುವುದು ಎರಡನೆಯದು, ಏಕೆಂದರೆ ಚಳಿ ಎನಿಸಿದ ಮನುಷ್ಯ ಎದ್ದು ಹೋಗಿ, ಮನೆ ಎಷ್ಟು ಬೆಚ್ಚಗಿರಬೇಕೆಂದು ನಿಗದಿ ಮಾಡುವ ಥರ್ಮೋಸ್ಟಾಟನ್ನು ತಿರುಗಿಸಿಯೇ ತಿರುಗಿಸುತ್ತಾನೆ.

ಥರ್ಮೋಸ್ಟಾಟ್ ಅಳೆಯುವುದು ಬಹುಮಟ್ಟಿಗೆ ಗಾಳಿಯ ಉಷ್ಣತೆಯನ್ನು. ನಮ್ಮ ಮೈ ಅಳೆಯುವುದು ಅದನ್ನಷ್ಟೇ ಅಲ್ಲ. ಸುತ್ತಲಿನ ಗೋಡೆ, ಗಾಜು, ನೆಲ, ಚಾವಣಿಗಳೊಂದಿಗೆ ಮೈ ಸದಾ ವಿಕಿರಣದ ಮೂಲಕ ಶಾಖದ ಕೊಡುಕೊಳ್ಳುವಿಕೆ ನಡೆಸುತ್ತಿರುತ್ತದೆ. ಗಾಳಿ ನಿಶ್ಚಲವಾಗಿರುವ ಕೋಣೆಯಲ್ಲಿ ನಮಗೆ ಅನುಭವವಾಗುವ ಉಷ್ಣತೆ, ಗಾಳಿಯ ಉಷ್ಣತೆ ಮತ್ತು ಸುತ್ತಲಿನ ಮೇಲ್ಮೈಗಳ ಉಷ್ಣತೆ ಇವೆರಡರ ಸರಾಸರಿಗೆ ಹತ್ತಿರವಾಗಿರುತ್ತದೆ. ಮಲೆನಾಡಿನಲ್ಲಿ ಹೊಡಸಲಿನ ಬೆಂಕಿಯ ಮುಂದೆ ಕೂತು ಮೈ ಕಾಯಿಸಿಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎದೆ ಸುಡುತ್ತಿರುವಾಗಲೇ ಬೆನ್ನು ನಡುಗುವುದು ಅವರಿಗೆ ಗೊತ್ತು. ಡೆನ್ಮಾರ್ಕಿನ ವಿಜ್ಞಾನಿ ಪಿ. ಓ. ಫ್ಯಾಂಗರ್ ಅವರು 1970ರ ಸುಮಾರಿಗೆ ಈ ಅನುಭವವನ್ನು ಅಳತೆಗೆ ಒಳಪಡಿಸಿದರು. ಆ ಪರಂಪರೆಯಿಂದ ಬಂದ ಐಎಸ್‌ಒ 7730 ಎಂಬ ಅಂತರರಾಷ್ಟ್ರೀಯ ಮಾನದಂಡವು, ಕೂತ ಮನುಷ್ಯನ ತಲೆಯ ಮಟ್ಟಕ್ಕೂ ಕಾಲ್ಗಿಣ್ಣಿನ ಮಟ್ಟಕ್ಕೂ ನಡುವೆ ಗಾಳಿಯ ಉಷ್ಣತೆಯ ವ್ಯತ್ಯಾಸ ಸಾಮಾನ್ಯ ಮನೆಗಳಲ್ಲಿ 3 ಡಿಗ್ರಿ ಸೆಲ್ಸಿಯಸ್ ಮೀರಬಾರದೆಂದೂ, ಒಂದು ಬದಿಯ ತಣ್ಣನೆಯ ಗೋಡೆ ಅಥವಾ ಕಿಟಕಿಯಿಂದ ಉಂಟಾಗುವ ವಿಕಿರಣದ ಏರುಪೇರು 10 ಡಿಗ್ರಿಯೊಳಗೆ ಇರಬೇಕೆಂದೂ ಹೇಳುತ್ತದೆ. ಚಾವಣಿ ಬಿಸಿಯಾಗಿದ್ದರೆ ನಮ್ಮ ಸಹನೆ ಇನ್ನೂ ಕಡಿಮೆ, ಅಲ್ಲಿ ಮಿತಿ 5 ಡಿಗ್ರಿ ಮಾತ್ರ. ತಲೆ ಕಾಯುವುದನ್ನು ಮನುಷ್ಯ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಈಗ ಕಿಟಕಿಗೆ ಬರೋಣ. ಹೊರಗೆ 0 ಡಿಗ್ರಿ, ಒಳಗೆ 20 ಡಿಗ್ರಿ ಎಂದು ಇಟ್ಟುಕೊಳ್ಳಿ. ಒಂದೇ ಪದರದ ಹಳೆಯ ಗಾಜಿನ ಒಳಮೈ ಆಗ 5 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೂವತ್ತು ನಲವತ್ತು ವರ್ಷಗಳ ಹಿಂದಿನ ಡಬಲ್ ಗ್ಲೇಜಿಂಗ್ (ಎರಡು ಪದರದ ಗಾಜು) ಆದರೆ ಸುಮಾರು 13 ಡಿಗ್ರಿ. ಶಾಖವನ್ನು ಒಳಕ್ಕೆ ಪ್ರತಿಫಲಿಸುವ ಲೇಪ ಇರುವ ಇಂದಿನ ಡಬಲ್ ಗ್ಲೇಜಿಂಗ್‌ನಲ್ಲಿ ಸುಮಾರು 17, ಮೂರು ಪದರದ್ದರಲ್ಲಿ 18. ವಿಕ್ಟೋರಿಯಾ ಕಾಲದ ಸಾಲುಮನೆಗಳ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯ ಒಳಮೈ ಕೂಡ ಇಂಥ ದಿನ 14-15 ಡಿಗ್ರಿಯಲ್ಲಿರುತ್ತದೆ. ಅಂದರೆ ಥರ್ಮೋಸ್ಟಾಟ್ 20 ಎಂದು ತೋರಿಸುತ್ತಿರುವಾಗಲೇ, ಹಳೆಯ ಗಾಜಿನ ಪಕ್ಕದಲ್ಲಿ ಕುಳಿತವರ ಒಂದು ಭುಜ 5 ಡಿಗ್ರಿಯ ಹಲಗೆಯೊಂದನ್ನು ನೋಡುತ್ತ ಕುಳಿತಿರುತ್ತದೆ.

ವಿಕಿರಣದ ಕಥೆ ಇಷ್ಟಾದರೆ, ಗಾಳಿಯ ಕಥೆಯನ್ನು ನೀವು ಕಣ್ಣಾರೆ ನೋಡಬಹುದು. ಅದಕ್ಕೆ ಬೇಕಾದ ಉಪಕರಣ ನಿಮ್ಮೆಲ್ಲರ ದೇವರ ಮನೆಯಲ್ಲಿದೆ. ತೀರ ಚಳಿಯಿರುವ ಒಂದು ಸಂಜೆ ಹೀಟರನ್ನು ಆಫ್ ಮಾಡಿ, ಊದುಬತ್ತಿಯೊಂದನ್ನು ಹಚ್ಚಿ, ಕಿಟಕಿಯ ಗಾಜಿನಿಂದ ಎರಡು ಬೆರಳಿನಷ್ಟು ದೂರದಲ್ಲಿ, ಪರದೆ ತಗುಲದಂತೆ ಹಿಡಿಯಿರಿ. ಮೇಲೇರಬೇಕಾದ ಹೊಗೆ ಒಂದು ಕ್ಷಣ ತಡವರಿಸಿ, ಗಾಜಿನ ಕಡೆಗೆ ವಾಲಿ, ಕೆಳಮುಖವಾಗಿ ಇಳಿಯತೊಡಗುತ್ತದೆ. ಗಾಜಿಗೆ ತಾಗಿದ ಗಾಳಿ ತಣ್ಣಗಾಗಿ, ಭಾರವಾಗಿ ಇಳಿಯುತ್ತಿದೆ ಎಂಬುದೇ ಇದರ ಅರ್ಥ. ಬತ್ತಿಯನ್ನು ಕಿಟಕಿಯ ಕೆಳಗಿನ ನೆಲದ ಹತ್ತಿರ ಹಿಡಿದರೆ ಹೊಗೆ ನೆಲಕ್ಕೆ ಅಂಟಿಕೊಂಡಂತೆ ಕೋಣೆಯ ಒಳಕ್ಕೆ, ಅಂದರೆ ಸೋಫಾದಲ್ಲಿ ಕೂತವರ ಪಾದಗಳ ಕಡೆಗೆ ಹರಿಯುತ್ತದೆ. ಎಷ್ಟೋ ಜನ ಇದನ್ನು ಕಿಟಕಿಯ ಸಂದಿನಿಂದ ನುಗ್ಗುವ ಹೊರಗಾಳಿ ಎಂದು ತಿಳಿದು, ಸಂದುಗಳಿಗೆಲ್ಲ ಟೇಪು ಅಂಟಿಸಿ, ಆ ಮೇಲೂ ಕಾಲು ತಣ್ಣಗಾಗುವುದನ್ನು ಕಂಡು ಬೇಸತ್ತಿದ್ದಾರೆ. ಸಂದೇ ಇಲ್ಲದ ಕಿಟಕಿಯೂ ಈ ಗಾಳಿಯನ್ನು ಹುಟ್ಟಿಸಬಲ್ಲದು.

ಈಗ ಇದೇ ಕೋಣೆಯಲ್ಲಿ ರೇಡಿಯೇಟರ್ ಎದುರಿನ ಒಳಗೋಡೆಯ ಮೇಲಿದೆ ಎಂದುಕೊಳ್ಳಿ. ಅದರಿಂದ ಬಿಸಿಯಾದ ಗಾಳಿ ಒಳಗೋಡೆಯಗುಂಟ ಮೇಲೇರಿ, ಚಾವಣಿಯಡಿ ಹರಿದು ಕಿಟಕಿಯವರೆಗೆ ಬರುತ್ತದೆ. ಅಲ್ಲಿ ತಣ್ಣಗಾಗಿ ಕೆಳಗಿಳಿದು, ನೆಲದ ಮೇಲೆ ಹರಿದು, ಮತ್ತೆ ರೇಡಿಯೇಟರನ್ನು ಸೇರುತ್ತದೆ. ಹೀಗೆ ಹೀಟರ್ ಮತ್ತು ಕಿಟಕಿ ಎರಡೂ ಸೇರಿ ಒಂದೇ ದಿಕ್ಕಿನ ಸುತ್ತನ್ನು ನಡೆಸುತ್ತವೆ. ಚಾವಣಿಗೆ ಬಿಸಿ, ಕಾಲಿಗೆ ತಂಪು. ರೇಡಿಯೇಟರ್ ಕಿಟಕಿಯ ಕೆಳಗಿದ್ದರೆ ಅದರಿಂದ ಏಳುವ ಬಿಸಿಗಾಳಿ, ಇಳಿದು ಬರುವ ತಣ್ಣನೆಯ ಗಾಳಿಯನ್ನು ಕಿಟಕಿಯ ಹಲಗೆಯ ಮಟ್ಟದಲ್ಲಿಯೇ ಎದುರುಗೊಂಡು ಬೆರೆಸಿ ಮೇಲಕ್ಕೊಯ್ಯುತ್ತದೆ. ಹೊಗೆ ನೆಲಕ್ಕೆ ಮುಟ್ಟುವುದಿಲ್ಲ. ಜೊತೆಗೆ, ಗಾಜಿನ ತಂಪಿಗೆ ಕೆಳಗಿನ ಬಿಸಿ ರೇಡಿಯೇಟರಿನ ವಿಕಿರಣ ಒಂದು ಸಮತೋಲನವನ್ನೂ ಕೊಡುತ್ತದೆ. ಆದ್ದರಿಂದಲೇ ಕಿಟಕಿಯ ಕೆಳಗೆ ಎತ್ತರದ ಕಿರಿದಾದ ರೇಡಿಯೇಟರ್‌ಗಿಂತ, ಕಿಟಕಿಯ ಅಗಲವನ್ನು ಆದಷ್ಟು ತುಂಬುವ, ಉದ್ದನೆಯ ತಗ್ಗಾದ ರೇಡಿಯೇಟರ್ ಮೇಲು. ಗಾಜು ಎರಡು ಮೀಟರ್, ರೇಡಿಯೇಟರ್ ಅರ್ಧ ಮೀಟರ್ ಆದರೆ ತಣ್ಣನೆಯ ಗಾಳಿ ಎರಡು ಪಕ್ಕದಿಂದ ಇಳಿದು ಬಂದೇ ಬರುತ್ತದೆ.

ಹಾಗಾದರೆ ಹೊರಗೋಡೆಯ ಮೂಲಕ ಆಗುವ ನಷ್ಟದ ಗತಿಯೇನು? ಅದನ್ನೂ ಲೆಕ್ಕ ಹಾಕೋಣ. 120 ಸೆಂಟಿಮೀಟರ್ ಉದ್ದ, 60 ಸೆಂಟಿಮೀಟರ್ ಎತ್ತರದ ರೇಡಿಯೇಟರ್ ಒಂದು ಕಿಲೋವಾಟ್‌ನಷ್ಟು ಶಾಖ ಕೊಡುತ್ತಿದೆ, ಅದರ ಹಿಂದಿನ ಗೋಡೆ ಉಳಿದ ಗೋಡೆಗಿಂತ 20 ಡಿಗ್ರಿ ಹೆಚ್ಚು ಬಿಸಿಯಾಗಿದೆ ಎನ್ನಿ. ಶಾಖ ತಡೆಯುವ ಯಾವ ನಿರೋಧಕವೂ ಇಲ್ಲದ ಒಂಬತ್ತು ಇಂಚಿನ ಇಟ್ಟಿಗೆ ಗೋಡೆಯಾದರೆ ಹೆಚ್ಚುವರಿ ನಷ್ಟ 30ರಿಂದ 40 ವಾಟ್, ಅಂದರೆ ನೂರಕ್ಕೆ ಮೂರು ನಾಲ್ಕು ಪಾಲು. ನಡುವಿನ ಟೊಳ್ಳಿಗೆ ನಿರೋಧಕ ತುಂಬಿದ ಗೋಡೆಯಾದರೆ ಹತ್ತು ವಾಟ್‌ಗೂ ಕಡಿಮೆ. ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡಿ. ಹೊರಗೆ 5 ಡಿಗ್ರಿ ಇರುವ ದಿನ ಒಳಗಿನ 20 ಡಿಗ್ರಿಯನ್ನು 19ಕ್ಕೆ ಇಳಿಸಿದರೆ, ಒಳಹೊರಗಿನ ವ್ಯತ್ಯಾಸ 15ರಿಂದ 14ಕ್ಕೆ ಇಳಿಯುತ್ತದೆ, ಹಾಗಾಗಿ ಇಡೀ ಮನೆಯ ಶಾಖನಷ್ಟದಲ್ಲಿ ಹದಿನೈದನೇ ಒಂದು ಪಾಲು, ಅಂದರೆ ನೂರಕ್ಕೆ ಆರೇಳರಷ್ಟು ಕಡಿಮೆಯಾಗುತ್ತದೆ. ಕಾಲು ಬೆಚ್ಚಗಿದೆ ಎಂಬ ಕಾರಣದಿಂದ ಮನೆಯವರು ಒಂದೇ ಒಂದು ಡಿಗ್ರಿ ಕಡಿಮೆಗೆ ಒಪ್ಪಿದರೂ, ಕಿಟಕಿಯ ಕೆಳಗಿನ ಜಾಗ ತನ್ನ ನಷ್ಟವನ್ನು ತುಂಬಿಕೊಟ್ಟು ಮೇಲೆ ಲಾಭವನ್ನೂ ತಂದಿರುತ್ತದೆ.

ಹಳೆಯ ಇಟ್ಟಿಗೆ ಗೋಡೆಯ ಮೇಲೆ, ರೇಡಿಯೇಟರ್‌ನ ಹಿಂದೆ ಪ್ರತಿಫಲಕ ಹಾಳೆ ಅಂಟಿಸಿದರೆ ಆ ಮೂವತ್ತು ನಲವತ್ತು ವಾಟ್‌ನಲ್ಲಿಯೂ ಒಂದು ಪಾಲು ಉಳಿಯುತ್ತದೆ. ದಿನಕ್ಕೆ ಹತ್ತು ಗಂಟೆಯಂತೆ ನೂರೆಂಬತ್ತು ದಿನಕ್ಕೆ ಒಟ್ಟು ನಷ್ಟವೇ ಐವತ್ತರಿಂದ ಎಪ್ಪತ್ತು ಯೂನಿಟ್ ಆದ್ದರಿಂದ ಇದರಿಂದ ಪವಾಡವನ್ನು ನಿರೀಕ್ಷಿಸಬೇಡಿ. ಒಳಗೋಡೆಯ ರೇಡಿಯೇಟರ್‌ಗೆ ಈ ಹಾಳೆ ಅಂಟಿಸುವುದಂತೂ ವ್ಯರ್ಥ, ಆ ಗೋಡೆಯ ಹಿಂದಿರುವುದೂ ನಿಮ್ಮದೇ ಕೋಣೆ. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಗೋಡೆ ತೆಳುವಾಗಿರುವ ಕಡೆ. ಜರ್ಮನಿಯ ಹಳೆಯ ಮನೆಗಳಲ್ಲಿ ರೇಡಿಯೇಟರ್ ಕೂರಿಸಲೆಂದೇ ಕಿಟಕಿಯ ಕೆಳಗೆ ಗೋಡೆಯನ್ನು ಕೊರೆದು ಗೂಡು ಮಾಡುತ್ತಿದ್ದರು. ಅತ್ಯಂತ ಬಿಸಿ ವಸ್ತುವಿನ ಹಿಂದೆ ಅತ್ಯಂತ ತೆಳು ಗೋಡೆ! ಇಲ್ಲಿಯ ಹಳೆಯ ಮನೆಗಳ ಮುಂಚಾಚಿದ ಬೇ ಕಿಟಕಿಗಳ ಕೆಳಭಾಗವೂ ಎಷ್ಟೋ ಕಡೆ ಮರದ ಚೌಕಟ್ಟಿನ ತೆಳು ಗೋಡೆಯಷ್ಟೇ ಆಗಿರುತ್ತದೆ. ಅಂಥಲ್ಲಿ ಹೀಟರನ್ನು ಸ್ಥಳಾಂತರಿಸುವ ಮೊದಲು ಆ ಗೋಡೆಗೆ ನಿರೋಧಕ ಹಾಕಿಸುವುದು ಸರಿಯಾದ ಕ್ರಮ.

ಇತಿಹಾಸವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ಬಿಸಿನೀರನ್ನು ಕೊಳವೆಗಳಲ್ಲಿ ಸುತ್ತಿಸಿ ಕೋಣೆ ಕಾಯಿಸುವ ವಿದ್ಯೆಯನ್ನು 1777ರಲ್ಲಿ ಫ್ರಾನ್ಸಿನ ಬೊನ್‌ಮ್ಯಾನ್ ಎಂಬಾತ ಬಳಸಿದ್ದು ಮನುಷ್ಯರಿಗಾಗಿ ಅಲ್ಲ, ಕೋಳಿಮೊಟ್ಟೆಗಳಿಗೆ ಕಾವು ಕೊಡಲು. ಬ್ರಿಟನ್ನಿನ ಸಾಮಾನ್ಯ ಮನೆಗಳಿಗೆ ಅದು ತಲುಪಿದ್ದು ತೀರ ತಡವಾಗಿ. 1970ರಲ್ಲಿ ಕೂಡ ಸುಮಾರು ಮೂರನೇ ಒಂದು ಪಾಲು ಮನೆಗಳಲ್ಲಿ ಮಾತ್ರ ಸೆಂಟ್ರಲ್ ಹೀಟಿಂಗ್ ಇತ್ತು. ಅಂದಿನ ಮನೆಗಳಲ್ಲಿ ಗಾಜು ಒಂದೇ ಪದರದ್ದಾಗಿತ್ತು. ಕಿಟಕಿಯ ಕೆಳಗೆ ರೇಡಿಯೇಟರ್ ಎಂಬ ನಿಯಮ ಆ ಗಾಜಿಗೆ ಕೊಟ್ಟ ಉತ್ತರ.

ಗಾಜು ಬದಲಾದರೆ ಉತ್ತರವೂ ಬದಲಾಗಬೇಕಲ್ಲವೇ? ಖಂಡಿತ. ಸ್ವೀಡನ್ನಿನ ಬೂ ಆಡಮ್‌ಸನ್ ಮತ್ತು ಜರ್ಮನಿಯ ವೋಲ್ಫ್‌ಗಾಂಗ್ ಫೈಸ್ಟ್ ಅವರ ಚಿಂತನೆಯಿಂದ ರೂಪುಗೊಂಡು, 1991ರ ಹೊತ್ತಿಗೆ ಡಾರ್ಮ್‌ಸ್ಟಾಟ್‌ನಲ್ಲಿ ಸಿದ್ಧವಾದ ಮೊದಲ ಪ್ಯಾಸಿವ್ ಹೌಸ್ (ತೀರ ಕಡಿಮೆ ಶಾಖದಲ್ಲಿಯೇ ಬೆಚ್ಚಗಿರುವ) ಮನೆಗಳ ಹಿಂದೆ ಇದೇ ಲೆಕ್ಕವಿದೆ. ಮಧ್ಯ ಯುರೋಪಿನ ಹವೆಯಲ್ಲಿ ಕಿಟಕಿಯ ಶಾಖ ಸೋರಿಕೆ ಚದರ ಮೀಟರ್‌ಗೆ, ಡಿಗ್ರಿಗೆ 0.8 ವಾಟ್ ಮೀರದಿದ್ದರೆ, ಗಾಜಿನ ಒಳಮೈ ಕೋಣೆಯ ಉಷ್ಣತೆಗೆ ಎಷ್ಟು ಹತ್ತಿರವಿರುತ್ತದೆ ಎಂದರೆ, ಅದರ ಕೆಳಗೆ ಹೀಟರ್ ಇಡುವ ಅಗತ್ಯವೇ ಇರುವುದಿಲ್ಲ. ಆದ್ದರಿಂದ ನಿಮ್ಮದು ಇತ್ತೀಚೆಗೆ ಕಟ್ಟಿದ ಮನೆಯಾಗಿದ್ದು, ಕಿಟಕಿಗಳು ಉತ್ತಮವಾಗಿದ್ದರೆ, ರೇಡಿಯೇಟರ್ ಒಳಗೋಡೆಯ ಮೇಲಿದೆ ಎಂದು ಕೊರಗಬೇಕಾಗಿಲ್ಲ. ಹಳೆಯ ಮನೆ ಕೊಂಡವರು ಮಾತ್ರ, ಸೋಫಾಗೆ ಜಾಗ ಬೇಕೆಂದು ರೇಡಿಯೇಟರನ್ನು ಒಳಗೋಡೆಗೆ ಸರಿಸುವ ಮೊದಲು ಕಿಟಕಿಯ ಗುಣಮಟ್ಟವನ್ನು ನೋಡಲೇಬೇಕು.

ಯಾವ ಗೋಡೆ ಎಂಬ ಪ್ರಶ್ನೆಗೆ ಇಷ್ಟು ಹೊತ್ತು ಕೊಟ್ಟೆ. ಆದರೆ ಅನೇಕ ಮನೆಗಳಲ್ಲಿ ತೊಂದರೆ ಇರುವುದು ಗೋಡೆಯಲ್ಲಿ ಅಲ್ಲ, ರೇಡಿಯೇಟರ್‌ಗೂ ನಮಗೂ ನಡುವೆ ನಾವೇ ತಂದಿಟ್ಟ ವಸ್ತುಗಳಲ್ಲಿ. ನೆಲದವರೆಗೆ ಇಳಿಬಿಟ್ಟ ಅಂದವಾದ ಪರದೆಯನ್ನು ಸಂಜೆ ಎಳೆದ ಕೂಡಲೇ ರೇಡಿಯೇಟರ್ ಪರದೆಯ ಹಿಂದೆ ಸೇರಿಕೊಳ್ಳುತ್ತದೆ. ಬಿಸಿಗಾಳಿಯೆಲ್ಲ ಪರದೆಗೂ ಗಾಜಿಗೂ ನಡುವಿನ ಸಂದಿನಲ್ಲಿ ಏರುತ್ತದೆ. ಅಲ್ಲಿಗೆ ನಾವು ಗಾಜನ್ನು ಮತ್ತು ಗಾಜಿನಾಚೆಯ ಬೀದಿಯನ್ನು ಕಾಯಿಸಲು ಅತ್ಯುತ್ತಮ ವ್ಯವಸ್ಥೆ ಮಾಡಿದಂತಾಯಿತು. ಪರದೆ ಕಿಟಕಿಯ ಹಲಗೆಯವರೆಗೆ ಬಂದು ಅದಕ್ಕೆ ತಾಗಿ ನಿಲ್ಲಬೇಕು, ರೇಡಿಯೇಟರ್ ಹೊರಗಿರಬೇಕು. ಉದ್ದ ಪರದೆ ಈಗಾಗಲೇ ಇದ್ದರೆ ಅದನ್ನು ರೇಡಿಯೇಟರ್‌ನ ಹಿಂದಕ್ಕೆ ಸಿಕ್ಕಿಸಿದರೂ ಸಾಕು. ಇನ್ನು ಸೋಫಾ. ಮೂವರು ಕೂರುವ ಸೋಫಾದ ಬೆನ್ನು ರೇಡಿಯೇಟರ್‌ಗೆ ಒತ್ತಿಕೊಂಡಿದ್ದರೆ, ಮೊದಲು ಬೆಚ್ಚಗಾಗುವುದು ಸೋಫಾ. ಒಂದಡಿಯಷ್ಟಾದರೂ ಅಂತರವಿರಲಿ. ರೇಡಿಯೇಟರ್‌ನ ಅಡಿಯಲ್ಲಿ ನೆಲದಿಂದ 10ರಿಂದ 15 ಸೆಂಟಿಮೀಟರ್ ಖಾಲಿ ಇರಬೇಕು, ಅಲ್ಲಿಂದಲೇ ಅದು ಗಾಳಿಯನ್ನು ಎಳೆದುಕೊಳ್ಳುವುದು. ಶೂ, ಆಟಿಕೆ, ಹಳೆಯ ಪತ್ರಿಕೆಗಳ ಕಟ್ಟು ಇವೆಲ್ಲವೂ ಸೇರಿಕೊಳ್ಳುವುದು ಅಲ್ಲಿಯೇ ಎಂಬುದು ನನ್ನ ಅನುಭವ. ಅಂದಕ್ಕೆಂದು ಮರದ ಪೆಟ್ಟಿಗೆಯೊಳಗೆ ರೇಡಿಯೇಟರನ್ನು ಮುಚ್ಚಿಡುವವರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ.

ಒದ್ದೆ ಬಟ್ಟೆಯ ವಿಷಯ ಮಾತ್ರ ಹೇಳಲೇಬೇಕು, ಏಕೆಂದರೆ ನಮ್ಮ ಎಲ್ಲರ ಮನೆಗಳಲ್ಲಿಯೂ ಅದು ರೇಡಿಯೇಟರ್ ಮೇಲೆಯೇ ಒಣಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.68 ಯೂನಿಟ್ ಶಾಖ ಬೇಕು. ಒಂದು ಸಲದ ಬಟ್ಟೆಯಲ್ಲಿ ಎರಡು ಲೀಟರ್ ನೀರಿದ್ದರೆ ಕೋಣೆಗೆ ಬರಬೇಕಾದ ಶಾಖದಲ್ಲಿ ಒಂದೂಕಾಲು ಯೂನಿಟ್‌ಗೂ ಹೆಚ್ಚು ಆ ಬಟ್ಟೆಗೇ ಹೋಗುತ್ತದೆ. ಆ ಆವಿ ಮುಂದೆ ಎಲ್ಲಿಗೆ ಹೋಗುತ್ತದೆ? 20 ಡಿಗ್ರಿಯ, ನೂರಕ್ಕೆ ಅರವತ್ತರಷ್ಟು ತೇವಾಂಶವಿರುವ ಗಾಳಿ 12 ಡಿಗ್ರಿಗಿಂತ ತಣ್ಣನೆಯ ಮೇಲ್ಮೈಯನ್ನು ಮುಟ್ಟಿದರೆ ನೀರಾಗುತ್ತದೆ. ಅನ್ನ, ಸಾರು, ಇಡ್ಲಿಯ ಉಗಿಯೂ ಸೇರಿ, ಮಲಗುವ ಕೋಣೆಯ ಹೊರಮೂಲೆಯಲ್ಲಿ, ಗೋಡೆಗೆ ಒತ್ತಿಟ್ಟ ಬೀರುವಿನ ಹಿಂದೆ ಕಪ್ಪು ಬೂಷ್ಟು ಹಿಡಿಯುವುದು ಹೀಗೆ. ಇಡೀ ದಿನ ಹೀಟರ್ ಹಾಕಿದರೂ ಬೀರುವಿನ ಹಿಂದಕ್ಕೆ ಶಾಖ ತಲುಪುವುದಿಲ್ಲ. ಬೀರುವನ್ನು ಒಳಗೋಡೆಗೆ ಸರಿಸುವುದು, ಹೀಟರನ್ನು ಸರಿಸುವುದಕ್ಕಿಂತ ಅಗ್ಗದ ಪರಿಹಾರ.

ಥರ್ಮೋಸ್ಟಾಟ್‌ಗೂ ಜಾಗದ ನಿಯಮವಿದೆ. ನೆಲದಿಂದ ಒಂದೂಕಾಲು ಒಂದೂವರೆ ಮೀಟರ್ ಎತ್ತರದಲ್ಲಿ, ಒಳಗೋಡೆಯ ಮೇಲೆ, ಬಿಸಿಲು ಮತ್ತು ರೇಡಿಯೇಟರ್‌ನಿಂದ ದೂರವಾಗಿ, ನೀವು ನಿಜವಾಗಿ ಕೂರುವ ಕೋಣೆಯಲ್ಲಿ ಅದಿರಬೇಕು. ಮುಂಬಾಗಿಲ ಬಳಿಯ ತಣ್ಣನೆಯ ಓಣಿಯಲ್ಲಿದ್ದರೆ, ಬಾಗಿಲು ತೆರೆದಾಗಲೆಲ್ಲ ಅದು ಚಳಿಗೆ ಬೆದರಿ ಇಡೀ ಮನೆಯನ್ನು ಕಾಯಿಸುತ್ತದೆ. ರೇಡಿಯೇಟರ್‌ನ ಬದಿಯಲ್ಲಿರುವ, 1ರಿಂದ 5ರವರೆಗೆ ಅಂಕಿಯಿರುವ ತಿರುಪು ಕೂಡ ಒಂದು ಪುಟ್ಟ ಥರ್ಮೋಸ್ಟಾಟ್. ಪರದೆಯಡಿ ಸಿಕ್ಕಿಕೊಂಡರೆ ಅದು ತನ್ನ ಸುತ್ತಲಿನ ಬಿಸಿಯನ್ನೇ ಕೋಣೆಯ ಬಿಸಿ ಎಂದು ಭಾವಿಸಿ ಮುಚ್ಚಿಕೊಳ್ಳುತ್ತದೆ. ಮುಖ್ಯ ಥರ್ಮೋಸ್ಟಾಟ್ ಇರುವ ಕೋಣೆಯಲ್ಲಿ ಈ ತಿರುಪನ್ನು ಪೂರ್ತಿ ತೆರೆದಿಡಬೇಕು, ಇಲ್ಲವಾದರೆ ಎರಡೂ ಪರಸ್ಪರ ಜಗಳಕ್ಕೆ ಬೀಳುತ್ತವೆ.

ಕೈಯಲ್ಲಿ ಎತ್ತಿ ಇಡುವ ವಿದ್ಯುತ್ ಹೀಟರ್‌ಗಳ ಮಾತು ಬೇರೆ. ಎಣ್ಣೆ ತುಂಬಿದ ಹೀಟರ್ ಅಥವಾ ಕನ್ವೆಕ್ಟರ್ ಮುಖ್ಯವಾಗಿ ಗಾಳಿಯನ್ನು ಕಾಯಿಸುವುದರಿಂದ ಅವುಗಳಿಗೆ ರೇಡಿಯೇಟರ್‌ನ ನಿಯಮವೇ ಅನ್ವಯ: ತಣ್ಣನೆಯ ಕಿಟಕಿಯ ಬಳಿ, ಆದರೆ ಪರದೆಯಿಂದ ಕನಿಷ್ಠ ಒಂದು ಮೀಟರ್ ದೂರ. ಕೆಂಪಗೆ ಕಾಯುವ ಕಡ್ಡಿಯ ಹೀಟರ್ ಮತ್ತು ಇನ್‌ಫ್ರಾರೆಡ್ ಹಲಗೆಗಳು ನೋಟಕ್ಕೆ ಸಿಕ್ಕವರನ್ನು ಕಾಯಿಸುತ್ತವೆ. ಇವನ್ನು ಒಳಗೋಡೆಯ ಕಡೆಯಿಂದ, ನಿಮ್ಮ ಪಕ್ಕಕ್ಕೆ ಅಥವಾ ಎದುರಿಗೆ ಮುಖಮಾಡಿ ಇಡಬೇಕು. ಕಿಟಕಿಗೆ ಮುಖಮಾಡಿಸಿದರೆ ಹಲಗೆಯಿಂದ ಬರುವ ವಿಕಿರಣವನ್ನು ಗಾಜೇ ಹೀರಿಕೊಂಡು ಅದರಲ್ಲಿ ಒಂದು ಪಾಲನ್ನು ಹೊರಕ್ಕೆ ದಾಟಿಸುತ್ತದೆ. ಚಾವಣಿಗೆ ಹಾಕಿದ ಇನ್‌ಫ್ರಾರೆಡ್ ಹಲಗೆ ಮೇಜಿನ ಕೆಳಗಿನ ಕಾಲುಗಳನ್ನು ಕಾಣಲಾರದು. ಮನೆಯಿಂದ ಕೆಲಸ ಮಾಡುವ ಒಬ್ಬರೇ ಒಬ್ಬರಿಗಾಗಿ ಇಡೀ ಮನೆ ಕಾಯಿಸುವ ಬದಲು, ಮೇಜಿನ ಕೆಳಗೆ ನೂರೈವತ್ತು ಇನ್ನೂರು ವಾಟ್‌ನ ಸಣ್ಣ ಹಲಗೆಯನ್ನು ಇಟ್ಟುಕೊಳ್ಳುವುದು ನನಗೆ ಬಹಳ ವಿವೇಕದ ಮಾರ್ಗವಾಗಿ ಕಾಣುತ್ತದೆ.

2 ಕಿಲೋವಾಟ್‌ನ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಹೀಟರ್‌ನ ಜಾಗವನ್ನು ಗೋಡೆಯ ಸಾಕೆಟ್ ನಿರ್ಧರಿಸಬೇಕೇ ಹೊರತು ಎಕ್ಸ್‌ಟೆನ್ಷನ್ ವೈರ್ ಅಲ್ಲ. ಸುರುಳಿ ಸುತ್ತಿದ ವೈರ್ ತಾನೇ ಇನ್ನೊಂದು ಹೀಟರ್ ಆಗುತ್ತದೆ. ಊರಿನಲ್ಲಿರುವ ನಿಮ್ಮ ತಂದೆತಾಯಿ ಡಿಸೆಂಬರಿನ ಚಳಿಗೆಂದು ಬೆಂಗಳೂರಿನಲ್ಲೋ ಮಡಿಕೇರಿಯಲ್ಲೋ ಹೀಟರ್ ಕೊಂಡರೆ, ಅದನ್ನು 6 ಆಂಪಿಯರ್‌ನ ಸಣ್ಣ ಸಾಕೆಟ್‌ಗೆ ಸಿಕ್ಕಿಸದೆ 16 ಆಂಪಿಯರ್‌ನ ದೊಡ್ಡ ಸಾಕೆಟ್‌ಗೇ ಹಾಕುವಂತೆ ತಿಳಿಸಿ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮಾತ್ರ ಎಲ್ಲಿಯೂ ಇಡಕೂಡದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ.

ಕೊನೆಯದಾಗಿ, ಹೊರಗಿನ ಗಾಳಿ ಅಥವಾ ನೆಲದಿಂದ ಶಾಖವನ್ನು ಒಳಕ್ಕೆ ಎಳೆದು ತರುವ ಹೀಟ್ ಪಂಪ್ ಹಾಕಿಸಲು ಯೋಚಿಸುತ್ತಿರುವವರಿಗೆ ಎರಡು ಮಾತು. ರೇಡಿಯೇಟರ್‌ನ ಕ್ಯಾಟಲಾಗಿನಲ್ಲಿ ಕಾಣುವ ವಾಟ್ ಅಂಕಿ, ಅದರ ಸರಾಸರಿ ಉಷ್ಣತೆ ಕೋಣೆಗಿಂತ 50 ಡಿಗ್ರಿ ಹೆಚ್ಚಿದ್ದಾಗಿನದು. ಹೀಟ್ ಪಂಪ್ ಮಿತವ್ಯಯದಿಂದ ನಡೆಯಬೇಕಾದರೆ ನೀರು 45ರಿಂದ 50 ಡಿಗ್ರಿಯ ಸುಮಾರಿನಲ್ಲಿರಬೇಕು, ಆಗ ಅದೇ ರೇಡಿಯೇಟರ್ ಕ್ಯಾಟಲಾಗಿನ ಅಂಕಿಯ ಅರ್ಧಕ್ಕಿಂತ ಕಡಿಮೆ ಶಾಖ ಕೊಡುತ್ತದೆ. ಇಂಗ್ಲೆಂಡಿನಲ್ಲಿ 2022ರ ಜೂನ್‌ನಿಂದ ಹೊಸದಾಗಿ ಹಾಕುವ ಇಡೀ ವ್ಯವಸ್ಥೆಗಳನ್ನು 55 ಡಿಗ್ರಿಗೆ ಮೀರದ ನೀರಿಗೆ ಹೊಂದುವಂತೆಯೇ ವಿನ್ಯಾಸ ಮಾಡಬೇಕೆಂಬ ನಿಯಮ ಬಂದಿರುವುದರಿಂದ, ಗ್ಯಾಸ್ ಬಾಯ್ಲರ್‌ನವರಿಗೂ ಈ ಲೆಕ್ಕ ತಪ್ಪಿದ್ದಲ್ಲ. ದೊಡ್ಡ ರೇಡಿಯೇಟರ್ ಬೇಕಾದಾಗ ಕಿಟಕಿಯ ಕೆಳಗಿನ ಜಾಗ ಸಾಲದೆ, ಕೆಲಸದವರು ಎತ್ತರದ ರೇಡಿಯೇಟರನ್ನು ಒಳಗೋಡೆಗೆ ಹಾಕೋಣ ಎಂದು ಸೂಚಿಸುವುದುಂಟು. ಕಿಟಕಿ ಹೊಸದಾಗಿದ್ದರೆ ಒಪ್ಪಿಕೊಳ್ಳಿ. ಹಳೆಯದಾಗಿದ್ದರೆ, ಅದೇ ಉದ್ದದ, ಎರಡು ಅಥವಾ ಮೂರು ಹಲಗೆಗಳ ದಪ್ಪ ರೇಡಿಯೇಟರ್ ಕಿಟಕಿಯ ಕೆಳಗೇ ಹಿಡಿಸುವುದೇ ಎಂದು ಮೊದಲು ಕೇಳಿ. ನೆಲದಡಿಯ ಕೊಳವೆಗಳಿಂದ ಕಾಯಿಸುವ ವ್ಯವಸ್ಥೆಯಲ್ಲಿ ಕೂಡ, ನಾವು ಓಡಾಡುವ ಭಾಗದಲ್ಲಿ ನೆಲ 29 ಡಿಗ್ರಿ ಮೀರದಂತೆ ನೋಡಿಕೊಳ್ಳುವ ಯುರೋಪಿನ ಮಾನದಂಡ, ಹೊರಗೋಡೆಯ ಅಂಚಿನ ಪಟ್ಟಿಯಲ್ಲಿ 35 ಡಿಗ್ರಿಯವರೆಗೆ ಅವಕಾಶ ಕೊಟ್ಟಿದೆ. ದೊಡ್ಡ ಗಾಜುಗಳ ಬುಡದಲ್ಲಿ ಕೊಳವೆಗಳನ್ನು ಒತ್ತೊತ್ತಾಗಿ ಹಾಕಿಸಲು ಹೇಳುವುದಿದ್ದರೆ, ಅದನ್ನು ನೆಲಕ್ಕೆ ಕಾಂಕ್ರೀಟ್ ಬೀಳುವ ಮೊದಲೇ ಹೇಳಬೇಕಾಗುತ್ತದೆ.